ಸೂಜಿ ಮುಟ್ಟದ ಕರು

ಹಿರಿಯೂರು
8-9-1957

ಅಕ್ಕ ಗಿರಿಯಮ್ಮನಿಗೆ ಓಬಣ್ಣ ಮಾಡುವ ನಮಸ್ಕಾರ.

ಎರಡು ವರ್ಷದಿಂದ ಒಂದು ಕಾಗದವನ್ನೂ ಹಾಕದವನು ಈಗ ಯಾಕೆ ಬರೆದ ಎಂದು ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ. ಬೈದು ಮುಗಿಸಿ ಆಮೇಲೆ ಓದು.

ಬೆಂಗಳೂರಿನ ತರಬೇತಿ ಮುಗಿಸಿ ನಾನೀಗ ಇಲ್ಲಿಯ ದನದ ಆಸ್ಪತ್ರೆಯಲ್ಲಿ ಸ್ಟಾಕ್‌ಮನ್ ಆಗಿದ್ದೇನೆ. ಊರೂರು ಅಲೆದು ದನಗಳಿಗೆ ಸೂಜಿ ಹಾಕುವುದು ನನ್ನ ಕೆಲಸ. ಹೊಳಲ್ಕೆರೆ ಕಡೆ ಎರಡು ಊರುಗಳಲ್ಲಿ ದೊಡ್ಡರೋಗ ಕಾಣಿಸಿಕೊಂಡಿದೆ. ನಾನೇ ಹೋಗಿ ನೋಡಿ ಬಂದೆ. ಮೊದಲು ಮೇವು ಬಿಟ್ಟು ಕಣ್ಣಲ್ಲಿ ನೀರು ಸುರಿಸುತ್ತವೆ, ಆಮೇಲೆ ಬಾಯೆಲ್ಲ ಹುಣ್ಣು, ಆಮೇಲೆ ರಕ್ತ ಬೆರೆತ ಭೇದಿ. ಒಂದು ವಾರದಲ್ಲಿ ಕೊಟ್ಟಿಗೆ ಖಾಲಿ. ರೋಗ ಬರುವ ಮುಂಚೆ ಸೂಜಿ ಹಾಕಿಸಿಕೊಂಡ ದನ ಉಳಿಯುತ್ತದೆ. ಬಂದ ಮೇಲೆ ಹಾಕಿದರೆ ಏನೂ ಹೇಳಲಾಗುವುದಿಲ್ಲ.

ಅಪ್ಪ ಕಾಯುವ ದೇವರ ಹಿಂಡಿನಲ್ಲಿ ಈಗ ಎಷ್ಟು ತಲೆ ಇವೆ? ನಾನು ಬಿಟ್ಟು ಬರುವಾಗ ಐವತ್ತಾರು ಇದ್ದವು. ಓಬಳದೇವರ ಹೆಸರಿನಲ್ಲಿ ಬಿಟ್ಟ ಎತ್ತುಗಳನ್ನು ನಾವು ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ, ಮುತ್ತಯ್ಯ ಎಂದು ಕರೆಯುತ್ತೇವೆ, ಸತ್ತರೆ ಮನೆಯ ಹಿರಿಯರನ್ನು ಮಣ್ಣು ಮಾಡಿದ ಹಾಗೆ ಮಣ್ಣು ಮಾಡುತ್ತೇವೆ ಎಂದು ಹೇಳಿದರೆ ನನ್ನ ಜೊತೆಯವರು ನಗುತ್ತಾರೆ. ನಗಲಿ. ಆ ಮುತ್ತಯ್ಯಗಳು ಹೋದರೆ ನಮ್ಮಪ್ಪ ಉಳಿಯುವುದಿಲ್ಲ, ಅದೊಂದೇ ನನಗಿರುವ ಹೆದರಿಕೆ.

ನಾನೇ ಬಂದು ಕೇಳೋಣವೆಂದರೆ ಹಟ್ಟಿಯ ಬೇಲಿ ದಾಟುವ ಹಾಗಿಲ್ಲ. ಕೋಳಿ ತಿಂದವನನ್ನು ನಮ್ಮವರು ಒಳಗೆ ಸೇರಿಸುವುದಿಲ್ಲ ಎಂದು ಗೊತ್ತಿದ್ದೂ, ಹಾಸ್ಟೆಲಿನಲ್ಲಿ ಕೋಳಿಸಾರು ಉಂಡೆ ಎಂದು ಅಪ್ಪನಿಗೆ ನಾನೇ ಬಾಯಿಬಿಟ್ಟು ಹೇಳಿದೆ. ಸುಳ್ಳು ಹೇಳಿದ್ದರೆ ಇವತ್ತು ಒಳಗಿರುತ್ತಿದ್ದೆ. ಸೂಜಿಯ ಮಾತನ್ನು ಅಪ್ಪನ ಹತ್ತಿರ ನೀನೇ ಎತ್ತು.

ನಿನ್ನ ತಮ್ಮ
ಓಬಣ್ಣ


ಕರೇಕಲ್ಲು ಹಟ್ಟಿ, ತುರುವನೂರು ಹೋಬಳಿ
21-9-1957

ಓಬಣ್ಣನಿಗೆ ಅಕ್ಕನ ಆಶೀರ್ವಾದ.

ಬೈದೆ. ನವಣೆ ಕುಟ್ಟುತ್ತಾ ಎರಡು ದಿನ ಬೈದೆ. ತುರುವನೂರಿನ ಮಾವನ ಮನೆಯಲ್ಲಿ ನಾಲ್ಕನೇ ಕ್ಲಾಸು ಓದಿದ ತಪ್ಪಿಗೆ ಈ ಹಟ್ಟಿಯವರ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತೇನೆ, ನನಗೇ ಅಂತ ಬಂದದ್ದು ಇದೇ ಮೊದಲು. ಮೂರನೇ ದಿನ ಅದನ್ನು ಸೆರಗಿಗೆ ಕಟ್ಟಿಕೊಂಡು ಅಪ್ಪನ ಬುತ್ತಿ ತೆಗೆದುಕೊಂಡು ಹೋದೆ. ದೇವರ ಎತ್ತು ಕಾಯುವ ಕಿಲಾರಿಯಾದವನು ಅವನ್ನು ಬಿಟ್ಟು ಹಟ್ಟಿಗೆ ಉಣ್ಣಲು ಬರುವಂತಿಲ್ಲ, ಹೆಂಗಸಾದ ನಾನು ಗುಡ್ಡದ ಮೇಲೆ ಎತ್ತು ಕೂಡುವ ರೊಪ್ಪಕ್ಕೆ ಹತ್ತುವಂತಿಲ್ಲ. ನಮ್ಮ ಮಾತೆಲ್ಲ ಈಗಲೂ ಗುಡ್ಡದ ಬುಡದ ಆ ಬಂಡೆಯ ಹತ್ತಿರವೇ.

ಪೂರ್ತಿ ಓದಿದೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ. "ಸೂಜಿ ಅಂದ್ರೆ ಚುಚ್ಚಾದಲ್ಲೇನವ್ವ? ಮೂಗುದಾರ ಹಾಕಾಕೇ ನಾವು ಚುಚ್ಚಿಲ್ಲ. ನಮ್ಮಪ್ಪ ಚುಚ್ಚಿಲ್ಲ, ಅವರಪ್ಪ ಚುಚ್ಚಿಲ್ಲ. ದ್ಯಾವ್ರ ಮೈಯಾಗಿಂದ ರಕ್ತ ತೆಗಿಯಾಕೆ ನಾನ್ಯಾರು?" ಅಂದ. ಎದ್ದು ಹತ್ತು ಹೆಜ್ಜೆ ಹೋದವನು ತಿರುಗಿ, "ಅವ್ನು ಸೊರಗಿದಾನಂತೇನು?" ಎಂದು ಕೇಳಿದ. ಕಾಗದದಲ್ಲಿ ಮೈ ಕಾಣುವುದಿಲ್ಲ ಕಣಪ್ಪ ಎಂದೆ. ಎರಡು ವರ್ಷಕ್ಕೆ ನಿನ್ನ ಬಗ್ಗೆ ಅವನ ಬಾಯಿಂದ ಬಂದ ಮೊದಲ ಮಾತು ಅದು, ಓಬಣ್ಣ. ಅಳು ಬಂತು ನನಗೆ.

ಹಟ್ಟಿಯ ಯಜಮಾನ ಯತ್ತಪ್ಪನವರನ್ನೂ ಕೇಳಿದೆ. "ಕೇಳಾಕೆ ಮೊದ್ಲು ಅವ್ನು ಒಳಗಿನೋನಾಗ್ಲಿ. ತಪ್ಪಿಗೆ ದ್ಯಾವ್ರ ಹಿಂಡಿಗೆ ಒಂದು ಹೋರಿಗರು ಬಿಡ್ಲಿ. ಆಮ್ಯಾಲೆ ಗುಡಿಯಾಗೆ ಹೂವು ಕೇಳಾಣ" ಅಂದರು. ಕರುವಿನ ಮೈ ಮೇಲೆ ಗಾಯ ಇರಬಾರದು, ಕಿವಿ ಕೊಯ್ದಿರಬಾರದು, ಬರೆ ಹಾಕಿರಬಾರದು, ಎಲ್ಲೂ ಚುಚ್ಚಿರಬಾರದು ಎಂದು ಬೆರಳು ಮಡಿಸಿ ಮಡಿಸಿ ಹೇಳಿದರು.

ಹಿಂಡಿನಲ್ಲಿ ಈಗ ಐವತ್ತೆಂಟು ತಲೆ ಇವೆ. ಇಲ್ಲಿ ಇನ್ನೊಂದು ಪೇಚು. ಮೇಲಿನ ಗುಡ್ಡ ಸರ್ಕಾರದ ಕಾಡಾಯಿತು, ಎತ್ತು ಬಿಡಬೇಡಿ ಎಂದು ಗಾರ್ಡು ಹೇಳಿ ಹೋಗಿದ್ದಾನೆ. "ಸರ್ಕಾರಕ್ಕೆ ಎತ್ತು ಅವೇನ್ರಿ ಮೇಯಿಸಾಕೆ?" ಎಂದು ಅಪ್ಪ ಅವನನ್ನೇ ಕೇಳಿದನಂತೆ. ಹೋದ ತಿಂಗಳು ಒಬ್ಬ ಸಾಹೇಬರು ಬಂದು ನಿಮಗೆ ಏನೇನು ಬೇಕು ಹೇಳ್ರಿ ಎಂದಿದ್ದರು. ಎಲ್ಲರೂ ಹುಲ್ಲು, ನೀರು ಎಂದೆವು. ಬಂದದ್ದು ಒಂದು ರೇಡಿಯೋ. ಬ್ಯಾಟರಿ ಮುಗಿದು ಅದು ಗುಡಿಯ ಮೂಲೆಯಲ್ಲಿದೆ.

ನಿನ್ನ ಅಕ್ಕ
ಗಿರಿಯಮ್ಮ


ಹಿರಿಯೂರು
8-10-1957

ಅಕ್ಕನಿಗೆ ನಮಸ್ಕಾರ.

ಕರು ಸಿಕ್ಕಿತು. ಹಾಲುರಾಮೇಶ್ವರದ ಪಕ್ಕದ ಹಳ್ಳಿಯ ಮಹಾದೇವಮ್ಮ ಎಂಬ ಮುದುಕಿಯ ಮನೆಯದು. ಹಾಲಿನಂಥ ಬಿಳಿ, ಕಣ್ಣಿನ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ದೇವರ ಹಿಂಡಿಗೆ ಎಂದು ಹೇಳಿದ ಕೂಡಲೇ ಆಯಮ್ಮ ಕರುವಿನ ಹಣೆಗೆ ಕುಂಕುಮವಿಟ್ಟು, "ನಿಮ್ಮೋರು ಹೊಡಿಯಾದಿಲ್ಲವಲ್ಲಪ್ಪ, ಅಷ್ಟು ಸಾಕು" ಎಂದು ಹಗ್ಗ ನನ್ನ ಕೈಗೆ ಕೊಟ್ಟಳು.

ಹೊಳಲ್ಕೆರೆ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಬಂದೆ. ಈಗ ನನ್ನ ಬಾಡಿಗೆ ಮನೆಯ ಹಿತ್ತಲಿನಲ್ಲಿದೆ, ಆಸ್ಪತ್ರೆಯ ಅಂಗಳಕ್ಕೆ ಸುಳಿಯಲೂ ಬಿಟ್ಟಿಲ್ಲ. ನಿನ್ನೆ ಊರಿನ ದನಗಳಿಗೆಲ್ಲ ಹಾಕಿ ಮುಗಿಸಿದ ಮೇಲೆ ಫ್ಲಾಸ್ಕಿನಲ್ಲಿ ಒಂದು ಸೂಜಿಯಷ್ಟು ಔಷಧ ಉಳಿದಿತ್ತು. ಕರುವಿನ ಹತ್ತಿರ ಹೋದೆ, ಕುತ್ತಿಗೆಯ ಚರ್ಮ ಎಳೆದು ಹಿಡಿದೆ. ಯತ್ತಪ್ಪನವರು ಬೆರಳು ಮಡಿಸಿದ್ದು ನೆನಪಾಯಿತು. ಎಲ್ಲೂ ಚುಚ್ಚಿರಬಾರದು. ಸುಳ್ಳು ಹೇಳಿ ಒಳಗೆ ಬರುವುದಾಗಿದ್ದರೆ ಎರಡು ವರ್ಷದ ಹಿಂದೆಯೇ ಬರಬಹುದಿತ್ತಲ್ಲ. ಕೈ ಬಿಟ್ಟೆ. ಇಡೀ ಹಿರಿಯೂರಿನಲ್ಲಿ ನನ್ನ ಸೂಜಿ ಮುಟ್ಟದ ದನ ಇದೊಂದೇ ಇರಬೇಕು.

ಹನ್ನೊಂದಕ್ಕೆ ಹೊರಡುತ್ತೇನೆ. ಕರುವಿನ ಜೊತೆ ನಡೆದೇ ಬರುತ್ತೇನೆ, ಚಪ್ಪಲಿ ಇಲ್ಲೇ ಬಿಟ್ಟು ಬರುತ್ತೇನೆ ಎಂದು ಅಪ್ಪನಿಗೆ ಹೇಳು. ನನಗೆ ಒಂದು ಮುದ್ದೆ ಜಾಸ್ತಿ ಮಾಡಿಡು.

ಓಬಣ್ಣ


ಕರೇಕಲ್ಲು ಹಟ್ಟಿ
20-10-1957

ಓಬಣ್ಣನಿಗೆ ಆಶೀರ್ವಾದ.

ನೀನು ಹೋಗಿ ಐದು ದಿನವಾಯಿತು, ಹಟ್ಟಿಯಲ್ಲಿ ಇನ್ನೂ ನಿನ್ನ ಮಾತೇ. ಹಳ್ಳದಲ್ಲಿ ಮಿಂದು ಒದ್ದೆ ಪಂಚೆಯಲ್ಲಿ ನೀನು ಗುಡಿಯ ಮುಂದೆ ಬಿದ್ದದ್ದು, ಯತ್ತಪ್ಪನವರು ತೀರ್ಥ ಕೊಟ್ಟದ್ದು ಎಲ್ಲರಿಗೂ ಹಬ್ಬವಾಯಿತು. ಅಪ್ಪ ಕರುವನ್ನು ಗೊರಸಿನಿಂದ ಕೊಂಬಿನ ಮೊಳಕೆಯವರೆಗೆ ತಡವಿ ನೋಡಿ, "ಒಂದು ಗೀರೂ ಇಲ್ಲ ಕಣಲೇ" ಎಂದಾಗ ನಿನ್ನ ಮುಖ ನೋಡಬೇಕಿತ್ತು. ಕೆಲಸಕ್ಕೆ ಸೇರಿದ ದಿನವೂ ನೀನು ಅಷ್ಟು ಹಿಗ್ಗಿರಲಾರೆ.

ದೀಪಾವಳಿ ಅಮಾವಾಸ್ಯೆಯ ದಿನ ಸೂಜಿಗೆ ಹೂವು ಕೇಳುತ್ತಾರೆ. ದೇವರ ಬಲಗಡೆಯ ಹೂವು ಬಿದ್ದರೆ ನೀನು ಬರಬಹುದು. ಅಪ್ಪ ಬೇಡ ಎನ್ನಲಿಲ್ಲ.

ಮುಚ್ಚುವ ಮುಂಚೆ ಒಂದು ಮಾತು. ಬುತ್ತಿಗೆ ಬಂದಾಗ ಅಪ್ಪ ಹೇಳಿದ, ನಿನ್ನೆಯಿಂದ ಕರು ಮೇವು ಮುಟ್ಟಿಲ್ಲವಂತೆ. ಕಣ್ಣಲ್ಲಿ ನೀರು ಬರುತ್ತಿದೆಯಂತೆ. ತಾಯಿಯನ್ನು ನೆನೆಸಿಕೊಂಡಿದೆ ಎನ್ನುತ್ತಾನೆ. ಹಾಗೇನಾ?

ಗಿರಿಯಮ್ಮ


ಹಿರಿಯೂರು
23-10-1957

ಅಕ್ಕ,

ತುರುವನೂರಿಗೆ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ತಲುಪಿದ ಕೂಡಲೇ ಬಂಡೆಯ ಹತ್ತಿರ ಹೋಗಿ ಕೂಗಿ ಅಪ್ಪನನ್ನು ಕರೆದು ಓದಿ ಹೇಳು.

ಕರುವನ್ನು ಹಿಂಡಿನಿಂದ ಬೇರೆ ಕಟ್ಟಲಿ. ಅದು ಕುಡಿದ ನೀರನ್ನು ಬೇರೆ ಎತ್ತುಗಳು ಕುಡಿಯುವುದು ಬೇಡ. ಅದು ತಾಯಿಯನ್ನು ನೆನೆಸಿಕೊಂಡಿಲ್ಲ. ದೊಡ್ಡರೋಗ ಇರಬೇಕು. ಹಿರಿಯೂರಿನಿಂದ ಬರುವ ದಾರಿಯಲ್ಲಿ ಒಂದು ತೊಟ್ಟಿಯಲ್ಲಿ ನೀರು ಕುಡಿಸಿದ್ದೆ. ಎಲ್ಲಿಂದಲೋ ಬಂದ ಗಾಡಿ ಎತ್ತುಗಳು ಅಲ್ಲೇ ನಿಂತಿದ್ದವು. ಒಂದು ಎತ್ತು ಜೊಲ್ಲು ಸುರಿಸುತ್ತಿದ್ದುದನ್ನು ಕಂಡಿದ್ದೆ, ಬಿಸಿಲಿಗೆ ಎಂದುಕೊಂಡೆ. ಅವತ್ತು ಹಿತ್ತಲಿನಲ್ಲೇ ಸೂಜಿ ಹಾಕಿದ್ದರೆ ಕರುವಿಗೆ ಏನೂ ಆಗುತ್ತಿರಲಿಲ್ಲ. ರೋಗವನ್ನು ನಾನೇ ಹಗ್ಗ ಹಿಡಿದು ಗುಡ್ಡ ಹತ್ತಿಸಿದೆ. ಇದನ್ನೂ ಅಪ್ಪನಿಗೆ ಓದಿ ಹೇಳು, ಬಿಡಬೇಡ.

ಚಿತ್ರದುರ್ಗದಿಂದ ಔಷಧ, ಮಂಜುಗಡ್ಡೆ ತೆಗೆದುಕೊಂಡು ಶನಿವಾರ ಬರುತ್ತೇನೆ. ಹೂವು ಬಿದ್ದರೂ ಬೀಳದಿದ್ದರೂ ಬರುತ್ತೇನೆ.

ಓಬಣ್ಣ


ಹಿರಿಯೂರು
12-11-1957

ಅಕ್ಕನಿಗೆ ನಮಸ್ಕಾರ.

ಆ ದಿನ ಗುಡ್ಡ ಇಳಿದು ಬಂದವನು ನಿನ್ನ ಜೊತೆ ಒಂದು ಮಾತೂ ಆಡದೆ ಬಸ್ಸು ಹಿಡಿದೆ. ಮೇಲೆ ನಡೆದದ್ದನ್ನು ನೀನು ಕಂಡಿಲ್ಲ, ಅಪ್ಪನೂ ಹೇಳಿರುವುದಿಲ್ಲ.

ನಾನು ಹತ್ತುವ ಹೊತ್ತಿಗೆ ಕರು ಸತ್ತಿತ್ತು. ಅಪ್ಪ ಒಬ್ಬನೇ ಗುಂಡಿ ತೋಡಿ, ತನ್ನ ಬಿಳಿ ಪಂಚೆ ಸುತ್ತಿ ಮಣ್ಣು ಮಾಡಿದ್ದ. ಆರು ಎತ್ತುಗಳು ಆಗಲೇ ತಲೆ ಇಳಿಬಿಟ್ಟು ನಿಂತಿದ್ದವು. ನನ್ನನ್ನು ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. "ಡಬ್ಬಿ ಅಲ್ಲಿಡು. ಉಂಡಿದೀಯೇನು?" ಎಂದು ಕೇಳಿದ.

ಹೂವಿನ ವಿಷಯ ಕೇಳಿದೆ. ಅಮಾವಾಸ್ಯೆಯ ದಿನ ಮಧ್ಯಾಹ್ನದವರೆಗೂ ಕಾದರೂ ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲವಂತೆ. ಹಾಗಾದರೆ ಏನು ಮಾಡೋಣ ಎಂದೆ. ಅಪ್ಪ ಎತ್ತುಗಳ ಕಡೆ ನೋಡಿದ. "ದ್ಯಾವ್ರು ಸುಮ್ನಿದಾನೆ. ಬ್ಯಾಡ ಅಂತೂ ಅಂದಿಲ್ಲ ನೋಡು" ಅಂದ. ಆಮೇಲೆ ಮೊದಲನೆಯ ಎತ್ತಿನ ಕೊಂಬು ಹಿಡಿದು, ಅದರ ಹಣೆಗೆ ತನ್ನ ಹಣೆ ಒತ್ತಿ, ಕಣ್ಣು ಮುಚ್ಚಿಕೊಂಡ. ನಾನು ಸೂಜಿ ಹಾಕಿದೆ. ಒಂದು ತೊಟ್ಟು ರಕ್ತ ಬಂತು. ಅದನ್ನು ಹೆಬ್ಬೆರಳಿನಲ್ಲಿ ಒರೆಸಿ ತನ್ನ ಹಣೆಗೆ ಹಚ್ಚಿಕೊಂಡ. ಒಂದೊಂದಕ್ಕೂ ಹಾಗೆಯೇ ಮಾಡಿದ. ಸಂಜೆಗೆ ಅಪ್ಪನ ಹಣೆ ಪೂರ್ತಿ ಕೆಂಪಾಗಿತ್ತು.

ಎಷ್ಟು ಉಳಿದವು ಬರಿ.

ಓಬಣ್ಣ


ಕರೇಕಲ್ಲು ಹಟ್ಟಿ
6-12-1957

ಓಬಣ್ಣನಿಗೆ.

ಕರುವನ್ನು ಬಿಟ್ಟು ಹದಿಮೂರು ಹೋದವು. ನಲವತ್ತೈದು ಉಳಿದವು. ಹೋದ ಸೋಮವಾರದಿಂದ ಎಲ್ಲವೂ ಮೇವು ತಿನ್ನುತ್ತಿವೆ. ಹದಿಮೂರು ಸಲ ಹಟ್ಟಿಯಲ್ಲಿ ಒಲೆ ಹಚ್ಚಲಿಲ್ಲ. ನಲವತ್ತೈದು ಉಳಿದದ್ದು ಸೂಜಿಯಿಂದ ಎಂದು ಗಂಡಸರು ಗುಟ್ಟಾಗಿ ಒಪ್ಪುತ್ತಾರೆ, ಹೆಂಗಸರು ಜೋರಾಗಿಯೇ ಹೇಳುತ್ತಾರೆ.

ಈ ಕಾಗದವನ್ನು ಅಪ್ಪನಿಗೆ ಕೊಟ್ಟ ಮಾತು ಮುರಿದು ಬರೆಯುತ್ತಿದ್ದೇನೆ. ಹೋದ ವಾರ ಗುಡಿಯ ಕಟ್ಟೆಯ ಮೇಲೆ ಹಟ್ಟಿ ಸೇರಿತ್ತು, ಕರೆಸಿದ್ದರಿಂದ ಅಪ್ಪನೂ ಗುಡ್ಡ ಇಳಿದು ಬಂದಿದ್ದ. ಸೂಜಿಯ ಮಾತು ಬಂತು, ಹೋಯಿತು. ರೋಗ ಗುಡ್ಡಕ್ಕೆ ಹತ್ತಿದ್ದು ಹೇಗೆ ಎಂದು ಯತ್ತಪ್ಪನವರು ಕೇಳಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಕರುವೇ ಮೊದಲು ಬಿದ್ದದ್ದು ಎಂದು ಅಪ್ಪನಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಿನ್ನ ಕಾಗದವನ್ನು ಬಂಡೆಯ ಹತ್ತಿರ ಓದಿದ ದಿನವೇ ಯಾರ ಹತ್ತಿರವೂ ಉಸಿರೆತ್ತಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ.

ಅಪ್ಪ ಎದ್ದು ನಿಂತು ಹೇಳಿದ. "ಮ್ಯಾಲೆ ನೀರು ಬತ್ತಿತ್ತು. ನಾನೇ ಕೆಳಗಿನ ಕೆರೆಗೆ ಹೊಡ್ಕಂಡು ಹೋದೆ. ಊರ ದನ ಕುಡೀತಿದ್ವು. ಕಂಡೂ ಕುಡಿಸಿದೆ. ನನ್ನ ತಪ್ಪು."

ಕಿಲಾರಿಯ ಕೋಲನ್ನು ಅವನ ಕೈಯಿಂದ ತೆಗೆದು ಹಟ್ಟಿಯ ಹುಡುಗ ಚಿತ್ತಯ್ಯನಿಗೆ ಕೊಟ್ಟರು. ನಲವತ್ತು ವರ್ಷ ಹಿಡಿದ ಕೋಲು. ಈಗ ನಮ್ಮ ಪಡಸಾಲೆಯಲ್ಲಿದ್ದಾನೆ. ಮನೆಯೊಳಗೆ ಹೇಗೆ ಕೂರಬೇಕು ಎಂಬುದೂ ಅವನಿಗೆ ಗೊತ್ತಿಲ್ಲ, ಕಂಬಕ್ಕೆ ಒರಗಲೂ ಹೆದರುತ್ತಾನೆ. ಊಟಕ್ಕೆ ಕೂತರೆ ಗುಡ್ಡದ ಕಡೆ ಮುಖ ಮಾಡಿ ಕೂರುತ್ತಾನೆ. ತುರುವನೂರಿಗೆ ಹೋದ ನಮ್ಮವರು, ದೇವರ ಎತ್ತಿಗೆ ರೋಗ ಹಚ್ಚಿದ ಕಿಲಾರಿ ಎಂದು ಅಲ್ಲಿಯೂ ಹೇಳಿ ಬಂದಿದ್ದಾರೆ.

ನಿನಗೆ ಇದನ್ನು ತಿಳಿಸಬೇಡ ಎಂದೂ ಮಾತು ತೆಗೆದುಕೊಂಡಿದ್ದಾನೆ, ಹೇಳಬಾರದಿತ್ತೇನೋ. ಆದರೆ ಅವನ ಬೆನ್ನು ನೋಡಿಕೊಂಡು ನನಗೆ ರೊಟ್ಟಿ ಬಡಿಯಲು ಆಗುತ್ತಿಲ್ಲ. ನಿನ್ನ ಮೇಲೆ ಸಿಟ್ಟೂ ಇದೆ. ಏನು ಮಾಡುತ್ತೀಯೋ ಮಾಡು.

ಗಿರಿಯಮ್ಮ


ಹಿರಿಯೂರು
13-12-1957

ಅಕ್ಕನಿಗೆ ನಮಸ್ಕಾರ.

ನಾನೇ ಬಂದು ಕಟ್ಟೆಯ ಮುಂದೆ ನಿಂತರೆ ಅಪ್ಪ ನನಗೆ ಬಾಯಿ ಬಿಡಲು ಕೊಡುವುದಿಲ್ಲ. ಎಲ್ಲರೆದುರು ನನ್ನನ್ನು ಸುಳ್ಳನನ್ನಾಗಿ ಮಾಡಿಬಿಡುತ್ತಾನೆ. ಕಾಗದವನ್ನು ಹಾಗೆ ಮಾಡಲು ಅವನಿಗೆ ಆಗುವುದಿಲ್ಲ. ಕೆಳಗೆ ಬರೆದದ್ದನ್ನು ಹಟ್ಟಿ ಸೇರಿದ ದಿನ ಎಲ್ಲರಿಗೂ ಕೇಳುವಂತೆ ಓದು.

"ಯಜಮಾನರಿಗೂ ಹಟ್ಟಿಯ ಹಿರಿಯರಿಗೂ ಕರಿಸಿದ್ದಪ್ಪನ ಮಗ ಓಬಣ್ಣ ಅಡ್ಡಬಿದ್ದು ತಿಳಿಸುವುದು. ನಮ್ಮಪ್ಪ ಎತ್ತುಗಳನ್ನು ಕೆಳಗಿನ ಕೆರೆಗೆ ಹೊಡೆಯಲಿಲ್ಲ. ರೋಗ ಬಂದದ್ದು ನಾನು ಬಿಟ್ಟ ಕರುವಿನಿಂದ. ಸೂಜಿ ಹಾಕಿದರೆ ಅದು ಉಳಿಯುತ್ತದೆ ಎಂದು ಗೊತ್ತಿದ್ದವನು ಹಟ್ಟಿಯಲ್ಲಿ ನಾನೊಬ್ಬನೇ. ಔಷಧ ಕೈಯಲ್ಲಿತ್ತು. ಚುಚ್ಚಿದ ಕರುವನ್ನು ನೀವು ಒಪ್ಪುವುದಿಲ್ಲ, ನಾನು ಹೊರಗೇ ಉಳಿಯುತ್ತೇನೆ ಎಂಬ ಹೆದರಿಕೆಗೆ ಹಾಕಲಿಲ್ಲ. ಹದಿಮೂರು ಮುತ್ತಯ್ಯಗಳ ಸಾವು ನನ್ನದು. ನನ್ನನ್ನು ಮತ್ತೆ ಹೊರಗೆ ಹಾಕಿ. ನಮ್ಮಪ್ಪನ ಕೋಲು ಅವನಿಗೆ ಕೊಡಿ."

ಇಷ್ಟೇ. ಓದುವಾಗ ಅಳಬೇಡ, ಅಕ್ಷರ ತಪ್ಪುತ್ತೀಯ.

ಓಬಣ್ಣ


ಕರೇಕಲ್ಲು ಹಟ್ಟಿ
30-12-1957

ತಮ್ಮ ಓಬಣ್ಣನಿಗೆ ಅಕ್ಕನ ಆಶೀರ್ವಾದ.

ಅಳದೆ ಓದಿದೆ. ನಾನು ಕಾಗದ ಬಿಚ್ಚಿದ ಕೂಡಲೇ ಅಪ್ಪನಿಗೆ ಗೊತ್ತಾಯಿತು. "ಗಿರೀ, ಅದನ್ನ ಓದಬ್ಯಾಡ" ಎಂದು ಎದ್ದ. ಈ ವಯಸ್ಸಿನವರೆಗೆ ಅಪ್ಪನ ಎದುರಿಗೆ ಅವನ ಮಾತು ಮೀರಿದವಳಲ್ಲ ನಾನು. ಕಟ್ಟೆಯ ಆ ತುದಿಗೆ ಹೋಗಿ ನಿಂತು ಓದಿದೆ. ಕೊನೆಯ ಸಾಲಿನವರೆಗೂ ಓದಿ ಕಾಗದ ಮಡಿಸಿದೆ.

ಯತ್ತಪ್ಪನವರು ಅಪ್ಪನ ಕಡೆ ತಿರುಗಿ, "ಯಾಕೆ ಕರಿಸಿದ್ದಪ್ಪ, ದ್ಯಾವ್ರ ಮುಂದೆ ನಿಂತು ಸುಳ್ಳು ಹೇಳಿದ್ಯಲ್ಲ?" ಎಂದು ಕೇಳಿದರು. ಅಪ್ಪ ನೆಲ ನೋಡುತ್ತಿದ್ದ. "ಎತ್ತು ಕಾಯಾಕೆ ಆಗ್ಲಿಲ್ಲ. ಮಗನ್ನಾದ್ರೂ ಕಾಯಾಣ ಅಂತ" ಅಂದ.

ಓಬಣ್ಣ, ಅಷ್ಟು ಹೇಳಿ ಅಪ್ಪ ಅತ್ತ. ಅವ್ವ ಸತ್ತಾಗಲೂ ಅತ್ತವನಲ್ಲ.

ಯತ್ತಪ್ಪನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಎಲ್ಲೂ ಚುಚ್ಚಿರಬಾರ್ದು ಅಂತ ಹೇಳ್ಕಳ್ಸಿದೋನು ನಾನು. ಆ ಹುಡುಗ ಅದ್ಕೆ ಅಂಜಿದ. ಅವನ್ನ ಹೊರಗೆ ಹಾಕಾದಾದ್ರೆ ನನ್ನೂ ಹಾಕ್ರಿ" ಅಂದರು. ಯಾರು ಹಾಕುತ್ತಾರೆ? ತಪ್ಪಿಗೆ ನೀನು ಮತ್ತೊಂದು ಹೋರಿಗರು ಬಿಡಬೇಕು ಎಂದು ತೀರ್ಮಾನವಾಯಿತು. ಚಿತ್ತಯ್ಯ ಯಾರೂ ಹೇಳುವ ಮೊದಲೇ ಕೋಲು ತಂದು ಅಪ್ಪನ ಮುಂದಿಟ್ಟ. "ತಗಳ್ರಿ ಮಾವ, ಮೂರು ವಾರದಿಂದ ಒಂದೇ ಒಂದು ಎತ್ತು ನನ್ನ ಮಾತು ಕೇಳಿಲ್ಲ" ಅಂದ. ಅಷ್ಟು ದಿನದ ಮೇಲೆ ಹಟ್ಟಿ ನಕ್ಕಿತು.

ಮಾರನೆಯ ದಿನ ಬೆಳಗ್ಗೆ ಬುತ್ತಿ ಹೊತ್ತು ಬಂಡೆಯವರೆಗೆ ಅಪ್ಪನ ಜೊತೆ ನಡೆದೆ. ಅಲ್ಲಿ ನಿಂತು ನಿನಗೆ ಹೇಳಿ ಕಳಿಸಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ. "ಕರು ಯಾವ ಕಡೇದಾದ್ರೂ ಆಗ್ಲಿ. ಸೂಜಿ ಹಾಕಿ ಹದಿನೈದು ದಿನ ಇಟ್ಕಂಡು ಆಮ್ಯಾಲೆ ತರ್ಲಿ. ಚುಚ್ಚಿದ ಗುರ್ತು ನಾನೇ ನೋಡ್ತೀನಿ. ಅದು ಕಾಣ್ಲಿಲ್ಲ ಅಂದ್ರೆ ರೊಪ್ಪದ ಒಳಗೆ ಬಿಡಾದಿಲ್ಲ ಅಂತ ಬರಿ."

ನಿನ್ನ ಅಕ್ಕ
ಗಿರಿಯಮ್ಮ